ರಾಂಪುರದ ಸುತ್ತಲ ಬಂಡೆಗಳು ಮತ್ತು ಇತಿಹಾಸದ ನಿತ್ಯಾಭ್ಯಾಸ

ನಾಗರಿಕ ಸೇವಾ ಪರೀಕ್ಷೆಗಳಲ್ಲಿ ಇತಿಹಾಸ ಎರಡು ರೂಪದಲ್ಲಿ ಎದುರಾಗುತ್ತದೆ. ಪೂರ್ವಭಾವಿ ಪರೀಕ್ಷೆಯಲ್ಲಿ ಅದು ನಾಲ್ಕು ಆಯ್ಕೆಗಳ ನಡುವೆ ಅಡಗಿದ ಒಂದು ಸರಿಯುತ್ತರ. ಮುಖ್ಯ ಪರೀಕ್ಷೆಯಲ್ಲಿ ಅದು ಖಾಲಿ ಹಾಳೆಯ ಮೇಲೆ ಕಾರಣ, ಘಟನೆ, ಪರಿಣಾಮಗಳನ್ನು ಜೋಡಿಸಿ ಬರೆಯಬೇಕಾದ ವಿವರಣೆ. ಕರ್ನಾಟಕ ಲೋಕಸೇವಾ ಆಯೋಗ ನಡೆಸುವ ಗೆಜೆಟೆಡ್ ಪ್ರೊಬೇಷನರ್ಸ್ ಪರೀಕ್ಷೆಗೆ ಕೆಎಎಸ್ ಎಂಬುದೇ ರೂಢಿಯ ಹೆಸರು. ಅದರ ಪ್ರಿಲಿಮ್ಸ್‌ನಲ್ಲಿ ಎರಡು ಪತ್ರಿಕೆ. ಒಂದೊಂದರಲ್ಲೂ 100 ಪ್ರಶ್ನೆ, 200 ಅಂಕ, ಎರಡು ಗಂಟೆ ಸಮಯ. ಮೊದಲ ಪತ್ರಿಕೆಯ 100 ಪ್ರಶ್ನೆಗಳಲ್ಲಿ 60 ಮಾನವಿಕ ವಿಷಯಗಳಿಗೆ ಮೀಸಲು, ಇತಿಹಾಸ ಬರುವುದು ಅಲ್ಲೇ. ಕೇಂದ್ರ ಲೋಕಸೇವಾ ಆಯೋಗದ ಪ್ರಿಲಿಮ್ಸ್‌ನಲ್ಲಿ ಇತಿಹಾಸದ ಪಾಲು ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ, ಆದರೆ ಇಲ್ಲವಾಗುವುದಿಲ್ಲ. ಮುಂದೆ ಮೇನ್ಸ್‌ನ ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆ ಭಾರತದ ಪರಂಪರೆ ಮತ್ತು ಇತಿಹಾಸದಿಂದಲೇ ಆರಂಭವಾಗುತ್ತದೆ.

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲೆ, ಮೊಳಕಾಲ್ಮುರು ತಾಲ್ಲೂಕಿಗೆ ಸೇರಿದ ರಾಂಪುರವಿದೆ. ಇಂಥ ಊರಿನ ಅಭ್ಯರ್ಥಿಗೆ ಧಾರವಾಡದ ಸಪ್ತಾಪುರವಾಗಲಿ ಬೆಂಗಳೂರಿನ ವಿಜಯನಗರವಾಗಲಿ ದೂರ. ಅಲ್ಲಿನ ಕೋಚಿಂಗ್ ಕೇಂದ್ರಗಳ ಶುಲ್ಕವೂ ರೂಮಿನ ಬಾಡಿಗೆಯೂ ಮಳೆಯನ್ನೇ ನಂಬಿ ಶೇಂಗಾ ಬೆಳೆಯುವ ಮನೆಗಳಿಗೆ ಹಗುರವಲ್ಲ. ಆದರೆ ಇತಿಹಾಸದ ಮಟ್ಟಿಗೆ ಈ ಊರಿಗೆ ಬೇರೆ ಕಡೆ ಸಿಗದ ಅನುಕೂಲವೊಂದಿದೆ. ಪಠ್ಯಕ್ರಮದ ಮೊದಲ ಅಧ್ಯಾಯಗಳು ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಬಂಡೆಗಳ ಮೇಲೆ, ಹೊಲದ ಮಣ್ಣಿನ ಪದರಗಳಲ್ಲಿ ಕಣ್ಣಿಗೆ ಕಾಣುವಂತೆ ಉಳಿದಿವೆ. ನಿತ್ಯಾಭ್ಯಾಸ ಅಂದರೇನು, ಅದು ಹೇಗೆ ಫಲ ಕೊಡುತ್ತದೆ ಎಂಬುದನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಹೆಚ್ಚಿಲ್ಲ.

ಪರೀಕ್ಷೆಗೂ ತನ್ನದೇ ಇತಿಹಾಸವಿದೆ, ಅದೂ ಪಠ್ಯಕ್ರಮದ ಭಾಗವೇ. 1853ರ ಚಾರ್ಟರ್ ಕಾಯ್ದೆ ಕಂಪನಿಯ ಉನ್ನತ ಹುದ್ದೆಗಳನ್ನು ಶಿಫಾರಸಿನಿಂದ ಬಿಡಿಸಿ ಸ್ಪರ್ಧೆಗೆ ತೆರೆಯಿತು. 1854ರಲ್ಲಿ ಮೆಕಾಲೆ ಸಮಿತಿ ವರದಿ ಕೊಟ್ಟಿತು, 1855ರಲ್ಲಿ ಲಂಡನ್ನಿನಲ್ಲಿ ಮೊದಲ ಸ್ಪರ್ಧಾತ್ಮಕ ಪರೀಕ್ಷೆ ನಡೆಯಿತು. 1863ರಲ್ಲಿ ಸತ್ಯೇಂದ್ರನಾಥ ಟಾಗೋರ್ ಅದರಲ್ಲಿ ಆಯ್ಕೆಯಾದ ಮೊದಲ ಭಾರತೀಯರಾದರು. ಪರೀಕ್ಷೆ ಭಾರತದ ನೆಲದಲ್ಲೂ ನಡೆಯಲು 1922ರವರೆಗೆ ಕಾಯಬೇಕಾಯಿತು, ಪಬ್ಲಿಕ್ ಸರ್ವಿಸ್ ಕಮಿಷನ್ ಹುಟ್ಟಿದ್ದು 1926ರ ಅಕ್ಟೋಬರ್ 1ರಂದು. ಮೈಸೂರು ಸಂಸ್ಥಾನ ಅಷ್ಟು ಕಾಲ ಕಾಯಲಿಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭವಾಯಿತು. ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅಧಿಕಾರಿಯಾದವರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಒಬ್ಬರು. ಅವರೇ ಮುಂದೆ 'ಚೆನ್ನಬಸವನಾಯಕ', 'ಚಿಕವೀರ ರಾಜೇಂದ್ರ' ಎಂಬ ಐತಿಹಾಸಿಕ ಕಾದಂಬರಿಗಳನ್ನು ಬರೆದರು ಎಂಬುದು ನೆನಪಿಡಬೇಕಾದ ಸಂಗತಿ. ಇಂದಿನ ರಾಜ್ಯ ಲೋಕಸೇವಾ ಆಯೋಗ ಅಸ್ತಿತ್ವಕ್ಕೆ ಬಂದದ್ದು 1951ರಲ್ಲಿ.

ದಿನವೂ ಸ್ವಲ್ಪ ಸ್ವಲ್ಪ ಓದಬೇಕು ಎಂಬುದು ಹಿರಿಯರ ಬುದ್ಧಿಮಾತು ಮಾತ್ರವಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮರೆವಿನ ಲೆಕ್ಕ ಕೊಟ್ಟ. ಕಲಿತದ್ದರಲ್ಲಿ ಬಹುಪಾಲು ಮೊದಲ ಕೆಲವು ಗಂಟೆಗಳಲ್ಲೇ ಸೋರಿಹೋಗುತ್ತದೆ, ಉಳಿದದ್ದು ಆಮೇಲೆ ನಿಧಾನವಾಗಿ ಇಳಿಯುತ್ತದೆ. ಅಂತರ ಬಿಟ್ಟು ಮತ್ತೆ ಮತ್ತೆ ಕಲಿತದ್ದು ಹೆಚ್ಚು ಕಾಲ ನಿಲ್ಲುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಅವಧಿ ಓದಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರು ಅವಧಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ. 40, ಬರೆದವರಿಗೆ ಶೇ. 61. ಓದುವಾಗ ಎಲ್ಲವೂ ಗೊತ್ತಿದೆ ಅನ್ನಿಸುವುದು ಒಂದು ಭ್ರಮೆ, ಗೊತ್ತಿರುವುದೆಷ್ಟು ಎಂದು ತಿಳಿಯುವುದು ಪುಸ್ತಕ ಮುಚ್ಚಿದಾಗಲೇ. ಹಳೆಯ ಶಾಲೆಗಳಲ್ಲಿ ಸಂಜೆ ಮಗ್ಗಿ ಒಪ್ಪಿಸಿಯೇ ಮನೆಗೆ ಹೋಗಬೇಕಿತ್ತು. ಒಪ್ಪಿಸುವುದೇ ಕಲಿಕೆ ಎಂಬುದು ಆ ಪದ್ಧತಿಗೆ ಗೊತ್ತಿತ್ತು. ಇತಿಹಾಸದ ನಿತ್ಯಾಭ್ಯಾಸವೂ ಇದೇ. ಪ್ರತಿದಿನ ಓದುವುದಕ್ಕಿಂತ ಪ್ರತಿದಿನ ಒಪ್ಪಿಸುವುದು.

ಏನನ್ನು ಒಪ್ಪಿಸಬೇಕು? ಇಸವಿಗಳ ಪಟ್ಟಿಯನ್ನೇ ಉರುಹೊಡೆದರೆ ಅದು ಒಂದು ತಿಂಗಳೂ ನಿಲ್ಲುವುದಿಲ್ಲ. ಇಸವಿಗೆ ನಿಲ್ಲಲು ಒಂದು ಕಾರಣ ಬೇಕು, ಒಂದು ಜಾಗ ಬೇಕು, ಒಂದು ಸಾಕ್ಷ್ಯ ಬೇಕು. ರಾಂಪುರಕ್ಕೂ ಮೊಳಕಾಲ್ಮುರಿಗೂ ನಡುವೆ ಇರುವ ಅಶೋಕ ಸಿದ್ದಾಪುರ ಮತ್ತು ಬ್ರಹ್ಮಗಿರಿ ಈ ಮೂರನ್ನೂ ಒಟ್ಟಿಗೆ ಕೊಡುತ್ತವೆ.

ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್ 1892ರಲ್ಲಿ ಇಲ್ಲಿನ ಮೂರು ಕಡೆ ಅಶೋಕನ ಕಿರು ಬಂಡೆಗಲ್ಲು ಶಾಸನಗಳನ್ನು ಗುರುತಿಸಿದರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರನೆಯದು ಜಟಾಯು ಬಿದ್ದ ಜಾಗವೆಂದು ಸುತ್ತಲಿನ ಜನ ನಂಬುವ ಬೆಟ್ಟ. ಮೂರರಲ್ಲೂ ಒಂದೇ ಸಂದೇಶ, ಚೆನ್ನಾಗಿ ಉಳಿದಿರುವುದು ಬ್ರಹ್ಮಗಿರಿಯದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಶಾಸನದ ಒಕ್ಕಣೆಯೇ ಒಂದು ಆಡಳಿತ ಪಾಠ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸುತ್ತಾರೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ಕಳೆಯಿತು, ಮೊದಲ ಒಂದು ವರ್ಷ ಹೆಚ್ಚು ಶ್ರಮಪಡಲಿಲ್ಲ, ಸಂಘವನ್ನು ಸೇರಿದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಚೆನ್ನಾಗಿ ಶ್ರಮಿಸಿದೆ ಎಂದು ಚಕ್ರವರ್ತಿ ಹೇಳಿಕೊಳ್ಳುತ್ತಾನೆ. ಶ್ರಮಪಟ್ಟರೆ ದೊಡ್ಡವನಂತೆ ಸಣ್ಣವನೂ ಸ್ವರ್ಗ ಪಡೆಯಬಹುದು ಎನ್ನುತ್ತಾನೆ. ಎರಡನೆಯ ಭಾಗದಲ್ಲಿ ತಂದೆತಾಯಿ ಮತ್ತು ಗುರುಗಳಿಗೆ ವಿಧೇಯತೆ, ಪ್ರಾಣಿಗಳಲ್ಲಿ ದಯೆ, ಸತ್ಯ ನುಡಿಯುವುದು ಎಂಬ ಧರ್ಮದ ಗುಣಗಳಿವೆ. ಕೊನೆಗೆ ಬರೆದವನ ಹೆಸರು ಚಪಡ. ಅವನು ತನ್ನ ವೃತ್ತಿಯನ್ನು ಹೇಳುವ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದುದು ಭಾರತದ ವಾಯವ್ಯ ಗಡಿಯಲ್ಲಿ. ಅಷ್ಟು ದೂರದ ಲಿಪಿ ಬಲ್ಲ ಒಬ್ಬ ಲಿಪಿಕಾರ ಮೊಳಕಾಲ್ಮುರು ಸೀಮೆಯ ಬಂಡೆಯ ಮುಂದೆ ಕೂತು ಉಳಿ ಹಿಡಿದಿದ್ದ ಎಂಬ ಒಂದೇ ಚಿತ್ರ ಮೌರ್ಯ ಸಾಮ್ರಾಜ್ಯದ ಹರಹನ್ನು ಒಂದು ಪುಟದ ವಿವರಣೆಗಿಂತ ಗಟ್ಟಿಯಾಗಿ ಮನಸ್ಸಿಗೆ ಕೂರಿಸುತ್ತದೆ.

ಈಗ ಇದನ್ನು ದಿನದ ಅಭ್ಯಾಸವಾಗಿ ಮಾರ್ಪಡಿಸುವ ಬಗೆ ನೋಡಬಹುದು. ಒಂದೇ ಶಾಸನದಿಂದ ಅಭ್ಯರ್ಥಿ ತಾನೇ ಹತ್ತು ಪ್ರಶ್ನೆ ತೆಗೆಯಬೇಕು. ಅಶೋಕನ ಯಾವ ಪ್ರಾಂತೀಯ ಕೇಂದ್ರದಿಂದ ಈ ಆಜ್ಞೆ ಹೊರಟಿತು? ಅದನ್ನು ಸ್ವೀಕರಿಸಿದ ಊರು ಯಾವುದು? ಅಲ್ಲಿದ್ದ ಅಧಿಕಾರಿಗಳ ಪದನಾಮವೇನು? ಲಿಪಿಕಾರ ಯಾರು? ಅವನು ಬಳಸಿದ ಎರಡನೆಯ ಲಿಪಿ ಯಾವುದು? ಶಾಸನದಲ್ಲಿ ಬರುವ 256 ಎಂಬ ಸಂಖ್ಯೆಯನ್ನು ವಿದ್ವಾಂಸರು ಏನೆಂದು ಅರ್ಥೈಸುತ್ತಾರೆ? (ಪ್ರವಾಸದಲ್ಲಿ ಕಳೆದ ರಾತ್ರಿಗಳು ಎಂಬುದು ಬಹುಮಂದಿ ಒಪ್ಪಿದ ಉತ್ತರ.) ಈ ಬಂಡೆಯಲ್ಲಿ ಅಶೋಕ ಎಂಬ ಹೆಸರಿದೆಯೇ? ಇಲ್ಲ, ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇದೆ. ಹಾಗಾದರೆ ಹೆಸರಿರುವುದೆಲ್ಲಿ? ಇಲ್ಲಿಂದ ಅಭ್ಯಾಸ ರಾಯಚೂರು ಜಿಲ್ಲೆಯ ಮಸ್ಕಿಗೆ ದಾಟುತ್ತದೆ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಕಂಡ ಆ ಶಾಸನದಲ್ಲಿ ಬಿರುದಿನ ಜೊತೆಗೆ ಹೆಸರೂ ಇತ್ತು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದಾಗಿನಿಂದ ದೇವಾನಾಂಪ್ರಿಯ ಯಾರು ಎಂಬುದಕ್ಕೆ ಸಿಂಹಳದ ಗ್ರಂಥಗಳ ಆಧಾರವಷ್ಟೇ ಇತ್ತು, ಮಸ್ಕಿ ಅದನ್ನು ಕಲ್ಲಿನ ಮೇಲೆ ಖಚಿತಪಡಿಸಿತು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೋಳ ಮತ್ತು ಮಧ್ಯಪ್ರದೇಶದ ಗುಜರ್ರಾ ಶಾಸನಗಳಲ್ಲೂ ಹೆಸರು ಸಿಕ್ಕಿತು.

ಹೀಗೆ ಒಂದು ಬಂಡೆ ಇನ್ನೊಂದನ್ನು ಕರೆಯುತ್ತದೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಕಲಬುರಗಿ ಜಿಲ್ಲೆಯ ಸನ್ನತಿ ಸೇರಿದರೆ ಕರ್ನಾಟಕದ ಅಶೋಕನ ನೆಲೆಗಳ ಪಟ್ಟಿ ಪೂರ್ಣ. ಸನ್ನತಿಯಲ್ಲಿ 1989ರಲ್ಲಿ ದೊರೆತ ಕಲ್ಲು ದೇವಾಲಯದೊಳಗೆ ವಿಗ್ರಹದ ಪೀಠವಾಗಿ ಬಳಕೆಯಾಗಿತ್ತು. ಅದರಲ್ಲಿರುವುದು ಕಿರು ಶಾಸನವಲ್ಲ, ದೊಡ್ಡ ಬಂಡೆಗಲ್ಲು ಶಾಸನಗಳ ಭಾಗ ಎಂಬ ವ್ಯತ್ಯಾಸವೇ 'ಹೊಂದಿಸಿ ಬರೆಯಿರಿ' ಪ್ರಶ್ನೆಯಲ್ಲಿ ಅಭ್ಯರ್ಥಿಯನ್ನು ಸಿಕ್ಕಿಸುವ ಗಂಟು. ಶಾಸನಗಳನ್ನು ಬಾಯಿಪಾಠ ಮಾಡಿದವನಿಗೆ ಆ ಗಂಟು ಕಾಣುವುದಿಲ್ಲ, ಪ್ರತಿ ಶಾಸನದ ಮುಂದೆ 'ಯಾರು, ಯಾರಿಗೆ, ಯಾವ ಲಿಪಿಯಲ್ಲಿ, ಏಕೆ ಇಲ್ಲಿ' ಎಂದು ಕೇಳಿದವನಿಗೆ ಕಾಣುತ್ತದೆ.

'ಏಕೆ ಇಲ್ಲಿ' ಎಂಬುದಕ್ಕೆ ಉತ್ತರ ಬಂಡೆಯ ಮೇಲಿಲ್ಲ, ಅದರ ಬುಡದ ಮಣ್ಣಿನಲ್ಲಿದೆ. ಬ್ರಹ್ಮಗಿರಿಯಲ್ಲಿ ಮೊದಲು ಮೈಸೂರಿನ ಎಂ.ಎಚ್. ಕೃಷ್ಣ ಅವರು, ಆಮೇಲೆ 1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣದ ಮಹಾನಿರ್ದೇಶಕ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದರು. ವ್ಹೀಲರ್ ಮೂರು ಸಂಸ್ಕೃತಿಗಳನ್ನು ಒಂದರ ಮೇಲೊಂದು ಕಂಡರು. ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಯ ಜನ, ಅದರ ಮೇಲೆ ಕಬ್ಬಿಣ ಬಳಸಿದ ಬೃಹತ್ ಶಿಲಾ ಗೋರಿಗಳ ಜನ, ಎಲ್ಲಕ್ಕಿಂತ ಮೇಲೆ ಶಾತವಾಹನರ ಕಾಲದ ನೆಲೆ. ಶಾಸನ ಹೇಳುವ ಇಸಿಲ, ಅಂದರೆ ಈ ನೆಲೆ, ಅಶೋಕನ ಆಜ್ಞೆ ಬಂದು ಹುಟ್ಟಿದ ಊರಲ್ಲ, ಅದಕ್ಕೂ ಬಹಳ ಮೊದಲಿನಿಂದ ಜನ ಬಾಳುತ್ತಿದ್ದ ತಾಣ. ಆಜ್ಞೆಯನ್ನು ಓದಿಸಿಕೊಳ್ಳಲು ಜನರಿದ್ದ ಕಡೆಗೇ ಅದು ಬಂತು.

ಕಾಲಾನುಕ್ರಮದ ಅಭ್ಯಾಸಕ್ಕೆ ಈ ಮಣ್ಣಿನ ಪದರಗಳಷ್ಟು ಒಳ್ಳೆಯ ಉದಾಹರಣೆ ಇಲ್ಲ. ಮೇಲಿನ ಪದರ ಕೆಳಗಿನದಕ್ಕಿಂತ ಹೊಸದು ಎಂಬುದು ಖಚಿತ. ಆದರೆ ಎಷ್ಟು ಹೊಸದು? ವ್ಹೀಲರ್ 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ವ್ಯಾಪಾರದ ಸಾಮಗ್ರಿಯ ಜೊತೆ ಒಂದು ಬಗೆಯ ಗೆರೆಚುಕ್ಕಿ ಅಲಂಕಾರದ ಮಡಕೆ ಕಂಡಿದ್ದರು. ರೋಮನ್ ವಸ್ತುಗಳ ಕಾಲ ಗೊತ್ತಿತ್ತು, ಆದ್ದರಿಂದ ಮಡಕೆಯ ಕಾಲವೂ ಗೊತ್ತಾಯಿತು. ಅದೇ ಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಸಿಕ್ಕಾಗ ಆ ಪದರಕ್ಕೆ ಕ್ರಿಸ್ತಶಕದ ಆರಂಭದ ಕಾಲ ದೊರೆಯಿತು. ಅಲ್ಲಿಂದ ಕೆಳಕ್ಕೆ ಅಂದಾಜು ಮಾಡುತ್ತ ಕಲ್ಲುಕೊಡಲಿಯ ಸಂಸ್ಕೃತಿಯನ್ನು ಅವರು ಕ್ರಿಸ್ತಪೂರ್ವ ಮೊದಲ ಸಹಸ್ರಮಾನದಲ್ಲಿ ಇಟ್ಟರು. ಅಂದಾಜು ತಪ್ಪಿತ್ತು. ಇಂಗಾಲ-14 ಪದ್ಧತಿ ಬೆಳಕಿಗೆ ಬಂದದ್ದು 1949ರಲ್ಲಿ, ವ್ಹೀಲರ್ ಅಗೆದ ಎರಡು ವರ್ಷದ ಮೇಲೆ. ಮುಂದೆ ದಕ್ಷಿಣದ ನವಶಿಲಾಯುಗದ ನೆಲೆಗಳಿಂದ ಬಂದ ಕಾಲಗಣನೆ ಈ ಸಂಸ್ಕೃತಿಯನ್ನು ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದವರೆಗೆ ಹಿಂದಕ್ಕೆ ಒಯ್ದಿತು. ಅಂಗಡಿಗಳಲ್ಲಿ ಸಿಗುವ ಹಳೆಯ ಗೈಡುಗಳಲ್ಲಿ ವ್ಹೀಲರ್ ಕೊಟ್ಟ ಕಾಲವೇ ಇನ್ನೂ ಉಳಿದಿರಬಹುದು. ಎರಡು ಪುಸ್ತಕಗಳಲ್ಲಿ ಎರಡು ಕಾಲ ಕಂಡಾಗ ಅಭ್ಯರ್ಥಿ ಗಾಬರಿಯಾಗಬೇಕಿಲ್ಲ. ಯಾವ ಕಾಲ ಯಾವ ಸಾಕ್ಷ್ಯದಿಂದ ಬಂತು ಎಂದು ಬರೆದಿಟ್ಟುಕೊಂಡರೆ ಪ್ರಿಲಿಮ್ಸ್‌ನ ಒಂದು ಗೊಂದಲ ಮೇನ್ಸ್‌ನ ಒಂದು ಒಳ್ಳೆಯ ಪ್ಯಾರಾ ಆಗುತ್ತದೆ.

ಅಶೋಕನಿಂದ ಮುಂದಿನ ಹೆಜ್ಜೆ ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿ. ಅಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ನಾಣ್ಯಗಳೂ ಸಿಕ್ಕಿವೆ. ಅಲ್ಲೇ ಕದಂಬ ಮಯೂರಶರ್ಮನ ಶಾಸನವಿದೆ. ಕೆರೆಯೊಂದರ ಕೆಲಸವನ್ನು ದಾಖಲಿಸುವ ಈ ಪುಟ್ಟ ಪ್ರಾಕೃತ ಬರಹ ಪಲ್ಲವ, ಆಭೀರ, ತ್ರೈಕೂಟ, ಪುನ್ನಾಟ ಮೊದಲಾದವರ ಹೆಸರು ಹೇಳುತ್ತದೆ. ಇದೇ ರಾಜನ ಬಾಳಿನ ಕಥೆ, ಕಂಚಿಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಂದಿಗೆ ಜಗಳವಾದದ್ದು, ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬಶಾಸನದಲ್ಲಿದೆ. ಅದನ್ನು ರಚಿಸಿದ ಕವಿ ಕುಬ್ಜ. ಚಂದ್ರವಳ್ಳಿ ಪ್ರಾಕೃತ, ತಾಳಗುಂದ ಸಂಸ್ಕೃತ, ಬೇಲೂರು ತಾಲ್ಲೂಕಿನ ಹಲ್ಮಿಡಿ ಕನ್ನಡ ಎಂದು ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟು ಒಪ್ಪಿಸಿದರೆ ಕರ್ನಾಟಕದಲ್ಲಿ ಆಡಳಿತದ ಭಾಷೆ ಬದಲಾದ ಬಗೆ ತಾನಾಗಿ ತಿಳಿಯುತ್ತದೆ.

ಮಧ್ಯಯುಗದಲ್ಲಿ ಅಭ್ಯರ್ಥಿಗಳನ್ನು ಹೆಚ್ಚು ಕಾಡುವುದು ಒಂದೇ ಹೆಸರಿನ ಅರಸರು. ಬಾದಾಮಿಯ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದವನು, ಅವನ ರಾಣಿಯರಾದ ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿ ಪಟ್ಟದಕಲ್ಲಿನಲ್ಲಿ ಗುಡಿ ಕಟ್ಟಿಸಿದವರು. ಕಲ್ಯಾಣದ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ಚಾಲುಕ್ಯ ವಿಕ್ರಮ ಶಕೆ ಆರಂಭಿಸಿದವನು. ಇಬ್ಬರ ನಡುವೆ ಮುನ್ನೂರಕ್ಕೂ ಹೆಚ್ಚು ವರ್ಷ. ಸಂಖ್ಯೆಯನ್ನು ನೆನಪಿಟ್ಟರೆ ಸಾಲದು, ಪ್ರತಿಯೊಬ್ಬನ ಪಕ್ಕದಲ್ಲಿ ಒಂದು ಊರು, ಒಂದು ಕೆಲಸ ಇರಬೇಕು.

ಚಿತ್ರದುರ್ಗದ ನಾಯಕರ ಕಾಲ ಸ್ಥಳೀಯರಿಗೆ ಕಥೆಯಾಗಿ ಗೊತ್ತಿರುತ್ತದೆ. ಒನಕೆ ಓಬವ್ವನ ಹೆಸರು ಕೇಳದ ಮನೆ ಈ ಜಿಲ್ಲೆಯಲ್ಲಿಲ್ಲ. ಪರೀಕ್ಷೆಗೆ ಬೇಕಾದದ್ದು ಆ ಕಥೆ ನಿಂತಿರುವ ಚೌಕಟ್ಟು. 1565ರ ರಕ್ಕಸತಂಗಡಿ ಯುದ್ಧದ ನಂತರ ವಿಜಯನಗರ ಸಡಿಲವಾದಾಗ ಪಾಳೆಯಗಾರರು ಬಲಗೊಂಡರು, ದುರ್ಗದ ನಾಯಕರು ಅವರಲ್ಲಿ ಪ್ರಬಲರು. 1779ರಲ್ಲಿ ಹೈದರ್ ಅಲಿ ಕೊನೆಯ ಮದಕರಿ ನಾಯಕನಿಂದ ದುರ್ಗವನ್ನು ಕಿತ್ತುಕೊಂಡ.

ಆಧುನಿಕ ಇತಿಹಾಸ ಬಂದಾಗ ರಾಂಪುರದ ಹೆದ್ದಾರಿಯೇ ಪಾಠವಾಗುತ್ತದೆ. ರಾಂಪುರದಿಂದ ಬಳ್ಳಾರಿಗೆ ಹೊರಟ ಬಸ್ಸು ಕರ್ನಾಟಕ ಬಿಟ್ಟು ಡಿ. ಹಿರೇಹಾಳ್ ಸುತ್ತಲಿನ ಆಂಧ್ರದ ನೆಲ ದಾಟಿ ಮತ್ತೆ ಕರ್ನಾಟಕ ಸೇರುತ್ತದೆ. ಎರಡು ಕಡೆ ಕರ್ನಾಟಕ, ನಡುವೆ ಆಂಧ್ರ ಏಕೆ? 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರು ಒಡೆಯರಿಗೆ ಮರಳಿತು, ಬಳ್ಳಾರಿ ಸೀಮೆ ನಿಜಾಮನ ಪಾಲಾಯಿತು. 1800ರಲ್ಲಿ ನಿಜಾಮ ಅದನ್ನು ಕಂಪನಿಗೆ ಬಿಟ್ಟುಕೊಟ್ಟ, ಸಹಾಯಕ ಸೈನ್ಯ ಪದ್ಧತಿಯಡಿ ತನ್ನಲ್ಲಿದ್ದ ಇಂಗ್ಲಿಷ್ ಪಡೆಯ ಖರ್ಚಿಗಾಗಿ. ಬಳ್ಳಾರಿ, ಅನಂತಪುರ, ಕಡಪಗಳನ್ನು ಒಳಗೊಂಡ ಈ ಸೀಮೆಗೆ 'ಸೀಡೆಡ್ ಜಿಲ್ಲೆಗಳು' ಎಂದು ಹೆಸರಾದದ್ದು ಆ ಬಿಟ್ಟುಕೊಡುವಿಕೆಯಿಂದಲೇ. 1800ರಿಂದ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ರೈತವಾರಿ ಪದ್ಧತಿಯನ್ನು ಬೆಳೆಸಿದ. ಹೀಗೆ ಸುಮಾರು ಒಂದೂವರೆ ಶತಮಾನ ಮೊಳಕಾಲ್ಮುರು ಮೈಸೂರಿನ ಉತ್ತರದ ಅಂಚಾಗಿ, ಅದರಾಚೆಯ ಹಳ್ಳಿಗಳು ಮದ್ರಾಸ್ ಪ್ರಾಂತ್ಯವಾಗಿ ಉಳಿದವು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದವು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ವಿವಾದವನ್ನು ಮಿಶ್ರಾ ಆಯೋಗ ಪರಿಶೀಲಿಸಿತ್ತು. ರಾಯದುರ್ಗ ಸೀಮೆ ಆಂಧ್ರಕ್ಕೆ ಹೋದದ್ದರಿಂದಲೇ ಇಂದಿನ ಬಸ್ಸು ಎರಡು ಗಡಿ ದಾಟುತ್ತದೆ. ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯ ನಂತರ 1956ರ ನವೆಂಬರ್ 1ರಂದು ವಿಶಾಲ ಮೈಸೂರು ಉದಯಿಸಿತು, 1973ರ ನವೆಂಬರ್ 1ರಂದು ಅದಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಸಹಾಯಕ ಸೈನ್ಯ ಪದ್ಧತಿ, ರೈತವಾರಿ, ಭಾಷಾವಾರು ಪ್ರಾಂತ್ಯ ಎಂಬ ಮೂರು ಬೇರೆ ಬೇರೆ ಅಧ್ಯಾಯಗಳು ಒಂದು ಬಸ್ ಪ್ರಯಾಣದಲ್ಲಿ ಕೂಡಿಕೊಳ್ಳುತ್ತವೆ. ಸ್ವಾತಂತ್ರ್ಯ ಹೋರಾಟಕ್ಕೂ ದೂರ ಹೋಗಬೇಕಿಲ್ಲ. ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ 1939ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಈಚಲು ಮರ ಕಡಿದು ಅರಣ್ಯ ಸತ್ಯಾಗ್ರಹ ನಡೆಯಿತು. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರೂ ಅವರೇ.

ಇಷ್ಟು ಸಾಮಗ್ರಿ ಕೈಯಲ್ಲಿದ್ದರೂ ಒಎಂಆರ್ ಹಾಳೆಯ ಮುಂದೆ ಇನ್ನೊಂದು ಲೆಕ್ಕ ಗೊತ್ತಿರಬೇಕು, ತಪ್ಪುತ್ತರಕ್ಕೆ ಕಳೆಯುವ ಅಂಕದ ಲೆಕ್ಕ. ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಪ್ರತಿ ತಪ್ಪಿಗೆ ಆ ಪ್ರಶ್ನೆಯ ಅಂಕದ ಕಾಲು ಭಾಗ, ಅಂದರೆ 0.5 ಅಂಕ ಹೋಗುತ್ತದೆ. ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ಮೂರನೆಯ ಒಂದು ಭಾಗ, ಅಂದರೆ ಸುಮಾರು 0.67 ಅಂಕ. ಏನೂ ಗೊತ್ತಿಲ್ಲದೆ 100 ಪ್ರಶ್ನೆಗಳಿಗೂ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ 25 ಸರಿ, 75 ತಪ್ಪು. ಸರಿಯಾದವುಗಳಿಂದ 50 ಅಂಕ ಬರುತ್ತದೆ. ಕೆಎಎಸ್‌ನಲ್ಲಿ 37.5 ಕಳೆದು 12.5 ಉಳಿಯುತ್ತದೆ, ಯುಪಿಎಸ್‌ಸಿಯಲ್ಲಿ 50ಕ್ಕೆ 50 ಕಳೆದು ಸೊನ್ನೆ. ಆದರೆ ನಾಲ್ಕರಲ್ಲಿ ಒಂದು ಆಯ್ಕೆ ಖಂಡಿತ ತಪ್ಪು ಎಂದು ಗೊತ್ತಿದ್ದರೆ ಯುಪಿಎಸ್‌ಸಿಯಲ್ಲೂ ಪ್ರತಿ ಪ್ರಶ್ನೆಗೆ ಸರಾಸರಿ 0.22 ಅಂಕ ಲಾಭದ ಕಡೆಗೆ ವಾಲುತ್ತದೆ. ಎರಡು ಆಯ್ಕೆ ಹೊಡೆದುಹಾಕಿದರೆ 0.67. ಅರ್ಧ ತಿಳಿವಳಿಕೆಗೂ ಬೆಲೆಯಿದೆ ಎಂಬುದು ಇದರ ಅರ್ಥ. ಮಸ್ಕಿ ರಾಯಚೂರಿನಲ್ಲಿದೆ ಎಂಬುದೊಂದು ಮಾತ್ರ ಖಚಿತವಿದ್ದರೂ ನಾಲ್ಕು ಜೋಡಿಗಳ ಹೊಂದಾಣಿಕೆಯಲ್ಲಿ ಒಂದೆರಡು ಆಯ್ಕೆಗಳು ಕೂಡಲೇ ಬಿದ್ದುಹೋಗುತ್ತವೆ.

ದಿನದ ಅಭ್ಯಾಸದ ಗಾತ್ರ ದೊಡ್ಡದಿರಬೇಕಿಲ್ಲ. ಬೆಳಿಗ್ಗೆ ಒಂದು ಗಂಟೆ ಹೊಸ ಓದು. ಆರರಿಂದ ಹತ್ತನೆಯ ತರಗತಿಯ ಸಮಾಜ ವಿಜ್ಞಾನದ ಪುಸ್ತಕಗಳು, ಪಿಯುಸಿ ಇತಿಹಾಸ, ಆಮೇಲೆ ಸೂರ್ಯನಾಥ ಕಾಮತ್ ಅವರಂಥ ವಿದ್ವಾಂಸರ ಕರ್ನಾಟಕ ಇತಿಹಾಸ, ಈ ಕ್ರಮ ಚೆನ್ನ. ಶಾಲೆಯ ಪುಸ್ತಕವನ್ನು ಕಡೆಗಣಿಸಿ ದಪ್ಪ ಗೈಡಿಗೆ ಹೋಗುವುದು ಹಲವರು ಮಾಡುವ ತಪ್ಪು. ಗೈಡಿನಲ್ಲಿ ಉತ್ತರವಿರುತ್ತದೆ, ಕಾರಣವಿರುವುದಿಲ್ಲ. ಸಂಜೆ ಪುಸ್ತಕ ಮುಚ್ಚಿ ಅರ್ಧ ಗಂಟೆ ಬರೆಯುವುದು, ಬೆಳಿಗ್ಗೆ ಓದಿದ್ದರಲ್ಲಿ ಏನೇನು ಉಳಿದಿದೆಯೋ ಅಷ್ಟನ್ನೂ. ಬಳಿಕ ಹಳೇ ಪ್ರಶ್ನೆಪತ್ರಿಕೆಯಿಂದ ಹತ್ತು ಪ್ರಶ್ನೆ, ಗಡಿಯಾರ ಇಟ್ಟುಕೊಂಡು ಹನ್ನೆರಡು ನಿಮಿಷದಲ್ಲಿ. ಎರಡು ಗಂಟೆಗೆ 100 ಪ್ರಶ್ನೆ ಎಂದರೆ ಒಂದಕ್ಕೆ 72 ಸೆಕೆಂಡು, ಆ ವೇಗ ಮೈಗೂಡುವುದು ದಿನದ ಹತ್ತರಲ್ಲೇ.

ಅತಿ ಮುಖ್ಯವಾದದ್ದು ತಪ್ಪುಗಳ ಪುಸ್ತಕ. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ತಾನು ಗುರುತಿಸಿದ ಉತ್ತರ, ಸರಿಯುತ್ತರ, ತಪ್ಪಿದ್ದೇಕೆ ಎಂದು ಬರೆಯಬೇಕು. ತಪ್ಪಿಗೆ ಸಾಮಾನ್ಯವಾಗಿ ಮೂರು ಕಾರಣ. ವಿಷಯ ಗೊತ್ತೇ ಇರಲಿಲ್ಲ, ಗೊತ್ತಿತ್ತು ಆದರೆ ಇನ್ನೊಂದರ ಜೊತೆ ಬೆರೆತಿತ್ತು, 'ಸರಿಯಲ್ಲದ ಹೇಳಿಕೆ ಯಾವುದು' ಎಂಬಲ್ಲಿ 'ಅಲ್ಲ' ಕಣ್ಣುತಪ್ಪಿತು. ಮೊದಲನೆಯದಕ್ಕೆ ಓದು ಮದ್ದು, ಎರಡನೆಯದಕ್ಕೆ ಎರಡನ್ನೂ ಪಕ್ಕಪಕ್ಕ ಬರೆದು ನೋಡುವುದು, ಮೂರನೆಯದಕ್ಕೆ ಆ ಪದದ ಕೆಳಗೆ ಗೆರೆ ಎಳೆಯುವ ಅಭ್ಯಾಸ. ಎಲ್ಲ ತಪ್ಪಿಗೂ ಇನ್ನಷ್ಟು ಓದೇ ಪರಿಹಾರ ಎಂದುಕೊಂಡವರು ವರ್ಷಗಳನ್ನೇ ಕಳೆಯುತ್ತಾರೆ. ಪುಸ್ತಕದಲ್ಲಿ ದಾಖಲಾದ ತಪ್ಪನ್ನು ಮೂರನೆಯ ದಿನ, ಒಂದು ವಾರದ ಮೇಲೆ, ಒಂದು ತಿಂಗಳ ಮೇಲೆ ಮತ್ತೆ ಎದುರಿಸಬೇಕು. ಎಬಿಂಗ್‌ಹೌಸ್ ತೋರಿಸಿದ ಮರೆವಿನ ಇಳಿಜಾರನ್ನು ತಡೆಯುವುದು ಈ ಅಂತರಗಳೇ.

ಕನ್ನಡ ಮಾಧ್ಯಮದವರಿಗೆ ಒಂದು ಹೆಚ್ಚುವರಿ ಕೆಲಸವಿದೆ, ಪಾರಿಭಾಷಿಕ ಪದಗಳ ಪಟ್ಟಿ. ಸಬ್ಸಿಡಿಯರಿ ಅಲಯನ್ಸ್ ಎಂಬುದು ಸಹಾಯಕ ಸೈನ್ಯ ಪದ್ಧತಿ, ಡಾಕ್ಟ್ರಿನ್ ಆಫ್ ಲ್ಯಾಪ್ಸ್ ಎಂಬುದು ದತ್ತು ಮಕ್ಕಳಿಗೆ ಹಕ್ಕಿಲ್ಲ ನೀತಿ, ಪರ್ಮನೆಂಟ್ ಸೆಟಲ್‌ಮೆಂಟ್ ಎಂಬುದು ಖಾಯಂ ಜಮೀನ್ದಾರಿ ಪದ್ಧತಿ. ಪ್ರಶ್ನೆಪತ್ರಿಕೆಯ ಅನುವಾದದಲ್ಲಿ ಅಪರಿಚಿತ ಪದ ಬಂದರೆ ಪಕ್ಕದ ಇಂಗ್ಲಿಷ್ ಸಾಲನ್ನು ಒಮ್ಮೆ ನೋಡಿ ಅರ್ಥ ಹಿಡಿಯಲು ಈ ಪಟ್ಟಿ ನೆರವಾಗುತ್ತದೆ. ದಿನಕ್ಕೆ ಮೂರು ಪದ ಸೇರಿಸಿದರೂ ಸಾಕು.

ಮೇನ್ಸ್‌ಗೆ ವಾರದಲ್ಲಿ ಎರಡು ಉತ್ತರ ಬರೆದರೆ ಕೈ ಪಳಗುತ್ತದೆ. 'ದಕ್ಷಿಣ ಭಾರತದಲ್ಲಿ ಮೌರ್ಯರ ಆಡಳಿತದ ಸ್ವರೂಪ' ಎಂಬ ಪ್ರಶ್ನೆಗೆ ಹೆಚ್ಚಿನವರು ಅಶೋಕನ ಧಮ್ಮದ ಸಾಮಾನ್ಯ ವಿವರಣೆ ಬರೆದು ಮುಗಿಸುತ್ತಾರೆ. ಬ್ರಹ್ಮಗಿರಿಯ ಒಕ್ಕಣೆ ಬಲ್ಲವನು ಬೇರೆ ರೀತಿ ಬರೆಯಬಲ್ಲ. ಚಕ್ರವರ್ತಿಯ ಮಾತು ನೇರವಾಗಿ ಇಸಿಲಕ್ಕೆ ಬರಲಿಲ್ಲ, ಸುವರ್ಣಗಿರಿಯ ಆರ್ಯಪುತ್ರನ ಮೂಲಕ ಬಂತು. ಆದ್ದರಿಂದ ಮಧ್ಯದಲ್ಲೊಂದು ಪ್ರಾಂತೀಯ ಹಂತವಿತ್ತು. ಇಸಿಲದಲ್ಲೂ ಮಹಾಮಾತ್ರರಿದ್ದರು, ಆದ್ದರಿಂದ ಅದು ಬರೀ ಹಳ್ಳಿಯಲ್ಲ, ಒಂದು ಆಡಳಿತ ಕೇಂದ್ರ. ಲಿಪಿಕಾರ ವಾಯವ್ಯದ ಲಿಪಿ ಬಲ್ಲವನು, ಆದ್ದರಿಂದ ನೌಕರರು ಸಾಮ್ರಾಜ್ಯದ ಉದ್ದಗಲಕ್ಕೆ ಸಂಚರಿಸುತ್ತಿದ್ದರೆಂದು ಊಹಿಸಬಹುದು. ಹೇಳಿಕೆಯ ಹಿಂದೆಯೇ ಸಾಕ್ಷ್ಯ, ಸಾಕ್ಷ್ಯದ ಹಿಂದೆಯೇ ತೀರ್ಮಾನ. 'ಊಹಿಸಬಹುದು' ಎಂಬ ಪದವನ್ನು ಎಲ್ಲಿ ಬಳಸಬೇಕೆಂದು ತಿಳಿದವನ ಉತ್ತರವನ್ನು ಮೌಲ್ಯಮಾಪಕರು ಬೇರೆಯಾಗಿಯೇ ಗುರುತಿಸುತ್ತಾರೆ.

ಇತಿಹಾಸವನ್ನೇ ಐಚ್ಛಿಕ ವಿಷಯವಾಗಿ ಆಯ್ದುಕೊಂಡ ಯುಪಿಎಸ್‌ಸಿ ಅಭ್ಯರ್ಥಿಗೆ ಕೊನೆಯ ಅಭ್ಯಾಸ ನಕ್ಷೆಯದು. ಮೊದಲ ಪತ್ರಿಕೆಯಲ್ಲಿ 20 ಸ್ಥಳಗಳನ್ನು ಗುರುತಿಸಿ ಒಂದೊಂದರ ಬಗ್ಗೆ ಕಿರುಟಿಪ್ಪಣಿ ಬರೆಯಬೇಕು, ಒಂದಕ್ಕೆ 2.5 ಅಂಕದಂತೆ ಒಟ್ಟು 50. ಪ್ರಶ್ನೆಯಲ್ಲಿ 'ನವಶಿಲಾಯುಗದ ನೆಲೆ', 'ಬೃಹತ್ ಶಿಲಾ ಸಮಾಧಿಗಳ ನೆಲೆ', 'ಅಶೋಕನ ಶಾಸನವಿರುವ ತಾಣ' ಎಂದು ಸುಳಿವಷ್ಟೇ ಇರುತ್ತದೆ. ಬ್ರಹ್ಮಗಿರಿ ಈ ಮೂರು ಸುಳಿವಿಗೂ ಉತ್ತರವಾಗಬಲ್ಲ ಅಪರೂಪದ ಜಾಗ. ದಿನಕ್ಕೊಂದು ಖಾಲಿ ನಕ್ಷೆ ಹಿಡಿದು ಐದು ಸ್ಥಳ ಗುರುತಿಸುವಾಗ ಮೊದಲು ಗುರುತು ಬೀಳಬೇಕಾದದ್ದು ಪರಿಚಿತ ಬಿಂದು. ರಾಂಪುರದವನಿಗೆ ಅದು ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ತುದಿಯಲ್ಲಿ, ಆಂಧ್ರದ ಗಡಿಗೆ ತಾಗಿದಂತಿರುವ ಬ್ರಹ್ಮಗಿರಿ. ಅಲ್ಲಿಂದ ಉತ್ತರಕ್ಕೆ ಬಳ್ಳಾರಿಯ ಸಂಗನಕಲ್ಲು, ಇನ್ನೂ ಉತ್ತರಕ್ಕೆ ಮಸ್ಕಿ, ವಾಯವ್ಯಕ್ಕೆ ಕೊಪ್ಪಳ, ನೈಋತ್ಯಕ್ಕೆ ಚಂದ್ರವಳ್ಳಿ.